ಪ್ರಕಟಣೆಯಲ್ಲಿ ಇಲ್ಲದ ಕಲ್ಲು

೧

ಟಕ್.

ಇಲ್ಲಿಂದ ಶುರು ಮಾಡಬಹುದೇ? ನಡುರಾತ್ರಿ. ಬೀದಿಯ ಮಧ್ಯೆ ಒಲೆ, ಒಲೆಯ ಮೇಲೆ ನಾಲ್ವರು ಸೇರಿ ಎತ್ತಬೇಕಾದ ಕೊಪ್ಪರಿಗೆ, ಅದರ ತಳದಲ್ಲಿ ಕಲ್ಲಿಗೆ ಸೌಟು ತಗಲಿದ ಸಣ್ಣ ಸದ್ದು. ಆದರೆ ಸದ್ದಿನಿಂದ ಕಥೆ ಶುರು ಮಾಡುವವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಹೇಳಲು ಏನೂ ಇಲ್ಲದವರು ಹಾಗೆ ಮಾಡುತ್ತಾರೆ. (ನನ್ನ ಬಳಿ ಇದೆ. ಹೇಳಬಹುದೋ ಬಾರದೋ ಎಂಬುದು ಬೇರೆ ಮಾತು.)

ಹಾಗಾದರೆ ಪುರಸಭೆಯ ಭಾಷೆಯಲ್ಲಿ ಶುರು ಮಾಡೋಣ. ಅದರ ಮೇಲೆ ಯಾರೂ ಅನುಮಾನ ಪಡುವುದಿಲ್ಲ, ಯಾರೂ ಪೂರ್ತಿ ಓದುವುದೂ ಇಲ್ಲ:

"ನೊರೂಜ್ ಹಬ್ಬದ ಪ್ರಯುಕ್ತ ಮಾರ್ಚ್ ೨೧ರಂದು ಕಚೇರಿಗೆ ರಜೆ. ಕಸದ ಗಾಡಿ ೨೨ರಂದು ಬರುತ್ತದೆ. ನೀರು, ಕರೆಂಟು, ಆಸ್ಪತ್ರೆಯ ತುರ್ತು ವಿಭಾಗ ಎಂದಿನಂತೆ. ಮೇಲಿನ ಕಾಲುವೆ ಬೀದಿಗೆ ಡಾಂಬರು ಹಾಕುವ ಕೆಲಸ ಹಬ್ಬಕ್ಕೆ ಮುಂಚೆ, ಅಂದರೆ ೨೦ರ ರಾತ್ರಿ, ಮುಗಿಯಲಿದೆ. ಆ ರಾತ್ರಿ ಬೀದಿಯಲ್ಲಿ ಯಾವ ವಸ್ತುವನ್ನೂ ಇಡಬಾರದು."

ಬರೆದವಳು ನಾಸಿಪಾ. ಕಿರ್ಗಿಜ್ ಗುಡ್ಡಗಳ ಬುಡದ ಆ ಸಣ್ಣ ಪಟ್ಟಣದಲ್ಲಿ (ಹೆಸರು ಬೇಡ ಎಂದಿದ್ದಾಳೆ) ಪುರಸಭೆಯ ಪ್ರಕಟಣೆಗಳೆಲ್ಲ ಅವಳ ಕೈಯಿಂದಲೇ ಹೊರಬೀಳುತ್ತವೆ. "ನೀರು ಎಂದಿನಂತೆ" ಎಂದು ಬರೆಯುವ ಮುನ್ನ ಎದ್ದು ಹೋಗಿ ನಲ್ಲಿ ತಿರುಗಿಸಿ ನೋಡಿ ಬರುವ ಹೆಂಗಸು. ಏಳು ಸಲ ಓದಿ, ಎಂಟನೆಯ ಸಲ ಬಾಗಿಲು ಹಾಕಿಕೊಂಡು ಓದಿ, ಆಮೇಲೆ ಗೋಡೆಗೆ ಹಚ್ಚುತ್ತಾಳೆ.

ಇದರಲ್ಲೊಂದು ತಪ್ಪಿದೆ. ಅವಳಿಗೆ ಕಾಣಲಿಲ್ಲ. ನಿಮಗೆ ಕಂಡಿತೇ?

೨

ಕಚೇರಿಯ ಪ್ರಕಾರ ಹಬ್ಬ ಇಪ್ಪತ್ತೊಂದರ ಬೆಳಗ್ಗೆ. ಬೀದಿಯ ಪ್ರಕಾರ ಇಪ್ಪತ್ತರ ಸಂಜೆ, ಕೊಪ್ಪರಿಗೆಯ ಕೆಳಗೆ ಬೆಂಕಿ ತಾಗಿದ ಗಳಿಗೆಯಲ್ಲಿ. ಮೊಳಕೆ ಗೋಧಿಯನ್ನು ಅರೆದು, ಹಿಟ್ಟು ಬೆರೆಸಿ, ರಾತ್ರಿಯಿಡೀ ತಿರುಗಿಸಿ ಕುದಿಸಿದ ಸುಮೊಲೊಕ್ ಇಲ್ಲದೆ ಅಲ್ಲಿ ಯಾರಿಗೂ ಹೊಸ ವರ್ಷ ಹುಟ್ಟುವುದಿಲ್ಲ. ಮೇಲಿನ ಕಾಲುವೆ ಬೀದಿಯ ಏಳು ಹಳೆಯ ಮನೆಗಳಿಗೆ ಒಂದೇ ಕೊಪ್ಪರಿಗೆ. ಅದು ಕೂರುವುದು ಬೀದಿಯ ಕೆಳತುದಿಯಲ್ಲಿ, ನಟ್ಟನಡುವೆ, ಅದೇ ಗುಂಡಿಯಲ್ಲಿ.

ನಾಸಿಪಾ ಹುಟ್ಟಿದ್ದೇ ಆ ಬೀದಿಯ ಮೇಲ್ತುದಿಯ ಮನೆಯಲ್ಲಿ. ಎರಡೂ ಪಂಚಾಂಗ ಅವಳಿಗೆ ಗೊತ್ತು. ಆದರೆ ಬರೆಯುವಾಗ ಕೂತಿದ್ದು ಕಚೇರಿಯ ಕುರ್ಚಿಯಲ್ಲಿ.

(ಮಾರ್ಚ್ ಚಳಿಯಲ್ಲಿ, ಅದೂ ರಾತ್ರಿ ಡಾಂಬರು ಹಾಕುತ್ತಾರೆಯೇ ಎಂದು ಎಂಜಿನಿಯರ್ ಓದುಗರೊಬ್ಬರು ಕೇಳಬಹುದು. ಹಾಕಬಾರದು. ಹಗಲಿನ ಮಾಲೆಲ್ಲ ಹಬ್ಬದ ಮೆರವಣಿಗೆಯ ದೊಡ್ಡ ರಸ್ತೆಗೆ ಹೋಗಿತ್ತು. ಉಳಿದದ್ದು ಮೂರು ಲಾರಿ. ಸಿಕ್ಕಿದ್ದು ರಾತ್ರಿ.)

೩

ಈಗ ರಸ್ತೆಯ ವಿಷಯ. ಇದನ್ನು ನಾಸಿಪಾ ಯಾರಿಗೂ ಹೇಳುವುದಿಲ್ಲ, ಹಾಗಾಗಿ ನಾನು ಪಟಪಟ ಹೇಳಿಬಿಡುತ್ತೇನೆ.

ಹೋದ ವರ್ಷ ಫೆಬ್ರವರಿಯಲ್ಲಿ ಅವಳ ಅಮ್ಮನಿಗೆ ಎದೆನೋವು ಬಂತು. ಆಂಬುಲೆನ್ಸ್ ಕೆಳಗಿನ ಸೇತುವೆಯವರೆಗೆ ಬಂದು ನಿಂತಿತು. ಮೇಲೆ ಹತ್ತಿದರೆ ಕೆಸರಲ್ಲಿ ಹೂತುಹೋಗುತ್ತೇವೆ ಎಂದರು. ಸುಳ್ಳಲ್ಲ, ಹೂತುಹೋಗುತ್ತಿತ್ತು. ಕೊಟ್ಟಿಗೆಯ ಬಾಗಿಲು ಕಿತ್ತು, ಅದರ ಮೇಲೆ ಅಮ್ಮನನ್ನು ಮಲಗಿಸಿ, ಆರುನೂರು ಮೀಟರ್ ಹೊತ್ತರು. ಕೆಂಪು ದೀಪ ಕೆಳಗೆ ತಿರುಗುತ್ತಲೇ ಇತ್ತು. ಅದರವರೆಗೆ ಅಮ್ಮ ತಲುಪಲಿಲ್ಲ.

ಆಮೇಲೆ ನಾಸಿಪಾ ರಸ್ತೆಗಾಗಿ ಹನ್ನೊಂದು ಅರ್ಜಿ ಬರೆದಳು. ಹನ್ನೊಂದರಲ್ಲೂ "ಅಮ್ಮ" ಎಂಬ ಪದ ಇಲ್ಲ. "ತುರ್ತು ವಾಹನಗಳ ಸಂಚಾರಕ್ಕೆ ಅನಾನುಕೂಲ" ಎಂದಿದೆ.

ಇನ್ನು ಕಲ್ಲು. ತಳ ಹತ್ತಬಾರದೆಂದು ಕೊಪ್ಪರಿಗೆಗೆ ಹೊಳೆಯ ಕಲ್ಲು ಹಾಕುತ್ತಾರೆ, ಮನೆಗೊಂದು. ಬೆಳಗ್ಗೆ ಯಾರ ಬಟ್ಟಲಿಗೆ ಕಲ್ಲು ಬಂತೋ ಅವರು ಮನಸ್ಸಿನಲ್ಲೇ ಏನಾದರೂ ಬೇಡಿಕೊಳ್ಳಬಹುದು. ಮನೆಯ ಹೆಂಗಸು ತೀರಿಕೊಂಡರೆ ಅವಳ ಕಲ್ಲು ಹೊಳೆಗೆ ವಾಪಸ್. ಮಗಳೋ ಸೊಸೆಯೋ ತನ್ನದನ್ನು ಆರಿಸಿ ತರಬೇಕು. ನಾಸಿಪಾ ತಂದಿರಲಿಲ್ಲ.

"ನಿನ್ ಕಲ್ಲೆಲ್ಲಿ?" ಎಂದು ಸಂಜೆಯೇ ಕೇಳಿದ್ದಳು ಕಾಲಿಚಾ ಅಪಾ. ಎಂಬತ್ತೊಂದು ವರ್ಷದ ಮುದುಕಿ, ಕೊಪ್ಪರಿಗೆಯ ಯಜಮಾನಿ, ಬೀದಿಗೆಲ್ಲ ಅಪಾ, ಅಂದರೆ ತಾಯಿ.

"ಮುಂದಿನ ವರ್ಷ ತರ್ತೀನಿ ಅಪಾ."

"ಹೊಳೆ ಏನು ನಿನ್ ಆಫೀಸಾ, ರಜೆ ಇರೋಕೆ?"

ಹಾಗಾಗಿ ಈ ಸಲವೂ ಆರೇ ಕಲ್ಲು. ಸೌಟು ಒಂದು ಸುತ್ತು ಬಂದರೆ ಆರು ಸಲ ಟಕ್. ಸುಮ್ಮನೆ ಕೂರಲು ಬಾರದ ನಾಸಿಪಾ ಸೌದೆ ಒಡ್ಡುತ್ತ ಎಣಿಸುತ್ತಿದ್ದಳು. ಬೀದಿಯಲ್ಲಿ ಇಡಬಾರದ ವಸ್ತುವಿನ ಪಕ್ಕದಲ್ಲೇ ಕೂತಿದ್ದೇನೆಂದು ಅವಳಿಗೆ ಹೊಳೆದದ್ದು ಸೇತುವೆ ದಾಟಿ ಬರುವ ಲಾರಿಗಳ ದೀಪ ಕಂಡಾಗ.

೪

ಮೇಸ್ತ್ರಿಯ ಹೆಸರು ಮೆಲಿಸ್. ಐವತ್ತೈದು ದಾಟಿದವನು, ಕಿವಿ ಮುಚ್ಚುವ ಟೋಪಿ, ಬಾಯಲ್ಲಿ ಸೂರ್ಯಕಾಂತಿ ಬೀಜ. ಒಲೆಯನ್ನೂ ಸುತ್ತ ಕೂತ ಹೆಂಗಸರನ್ನೂ ನೋಡಿ ಸಿಪ್ಪೆ ಉಗಿದ.

"ಅಪಾ, ಇದನ್ನ ಆ ಕಡೆ ಇಟ್ಕೊಳ್ಳಿ. ಮೂರು ಲಾರಿ ಮಾಲು ಬಂದಿದೆ. ಮುಕ್ಕಾಲು ಗಂಟೆ ಬಿಟ್ರೆ ಲಾರೀಲೇ ಬಂಡೆ ಆಗುತ್ತೆ."

"ನಂದೂ ಬಿಸೀನೇ ಇದೆ ಮಗಾ," ಎಂದಳು ಕಾಲಿಚಾ ಅಪಾ, ಸೌಟು ನಿಲ್ಲಿಸದೆ. "ಬಿಟ್ರೆ ತಳ ಹತ್ತುತ್ತೆ. ನೀನು ಆ ಕಡೆ ಇಟ್ಕೋ."

"ಇದು ಸರ್ಕಾರಿ ಕೆಲಸ."

"ಇದು ನಮ್ಮತ್ತೆ ಕೆಲಸ. ಎಷ್ಟೋ ಸರ್ಕಾರ ಬಂತು, ಹೋಯ್ತು. ಒಲೆ ಈ ಗುಂಡೀಲೇ ಇದೆ."

"ನೋಟೀಸ್ ಹಚ್ಚಿದ್ರಲ್ಲ, ಓದ್ಲಿಲ್ವಾ?"

ಪಕ್ಕದ ಮನೆಯ ಸೈರಾ ಇದಕ್ಕೇ ಕಾದಿದ್ದಳು. "ಓದಿದ್ವಿ. ಯಾವ ವಸ್ತುವನ್ನೂ ಇಡಬಾರದು ಅಂತಿತ್ತು. ಇದು ವಸ್ತು ಅಂತ ನಮಗೆ ಗೊತ್ತಿರ್ಲಿಲ್ಲ. ಬರೆದೋರು ಇಲ್ಲೇ ಇದ್ದಾರೆ, ಕೇಳಿ."

ಎಲ್ಲರೂ ನಾಸಿಪಾಳ ಕಡೆ ತಿರುಗಿದರು. ಅದೇ ಹೊತ್ತಿಗೆ ಅವಳ ಫೋನ್ ಅಲುಗಿತು. ಪುರಸಭೆಯ ಮುಖ್ಯಸ್ಥರು. ಯಾರೋ ಆಗಲೇ ಸುದ್ದಿ ಮುಟ್ಟಿಸಿದ್ದರು.

"ಇವತ್ತು ಆಗ್ಲಿಲ್ಲ ಅಂದ್ರೆ ಆ ಮಾಲು ಬಜಾರಿನ ಪಾರ್ಕಿಂಗಿಗೆ ಹೋಗುತ್ತೆ, ನಾಸಿಪಾ. ನಿಮ್ಮ ಬೀದಿ ಪಟ್ಟಿಯಿಂದ ಹೊರಗೆ. ಇನ್ನೊಂದು ಸಲ ಕೇಳೋಕೆ ನಂಗೆ ಬಾಯಿಲ್ಲ. ತಾರೀಕು ಹಾಕಿದ್ದು ನೀವೇ ತಾನೆ?"

ಹೌದು, ಅವಳೇ.

೫

ಇಲ್ಲಿ ನಾನು ತುಂಬ ದಿನ ನಿಂತೆ.

ಕರಡು ಒಂದು: ನಾಸಿಪಾ ಬೆಂಕಿಗೆ ನೀರು ಸುರಿಯುತ್ತಾಳೆ. ರಸ್ತೆ ಬರುತ್ತದೆ. ಇನ್ನು ಆಂಬುಲೆನ್ಸ್ ಮನೆಯ ಬಾಗಿಲಿಗೇ ಬರಬಹುದು, ಆದರೆ ಕಾಯಿಲೆ ಬಿದ್ದಿದ್ದೇವೆಂದು ಆ ಬೀದಿಯಲ್ಲಿ ಯಾರೂ ಅವಳಿಗೆ ಹೇಳುವುದಿಲ್ಲ. (ಈ ಕೊನೆಯ ವಾಕ್ಯ ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಹಾಗಾಗಿಯೇ ಹರಿದು ಹಾಕಿದೆ.)

ಕರಡು ಎರಡು: ಲಾರಿಗಳು ವಾಪಸ್ ಹೋಗುತ್ತವೆ. ಬೆಳಗ್ಗೆ ಎಲ್ಲರೂ ಸುಮೊಲೊಕ್ ತಿನ್ನುತ್ತಾರೆ. ಕೆಸರು ಹಾಗೇ ಇರುತ್ತದೆ. ನಾಸಿಪಾ ಹನ್ನೆರಡನೆಯ ಅರ್ಜಿ ಬರೆಯುತ್ತಾಳೆ. ಪತ್ರಿಕೆಯವರಿಗೆ ಇಂಥದು ಇಷ್ಟ. ಒಪ್ಪದವಳು ಕಾಲಿಚಾ ಅಪಾ.

"ಏ ಬರೆಯೋಳೇ," ಎಂದಳು ನನಗೆ, "ಒಂದು ಕೈಲಿ ರಸ್ತೆ, ಇನ್ನೊಂದು ಕೈಲಿ ಹಬ್ಬ. ಒಂದನ್ನ ಬಿಡ್ಲೇಬೇಕು ಅಂತ ಯಾವ ಶಾಲೇಲಿ ಕಲಿಸಿದ್ರು ನಿಂಗೆ?"

"ಕಥೆಗೆ ಸಂಘರ್ಷ ಬೇಕಲ್ಲ ಅಪಾ."

"ಸೌಟು ಹಿಡ್ಕೋ. ಒಂದು ಗಂಟೆ ತಿರುಗಿಸು. ಆಮೇಲೆ ಸಂಘರ್ಷ ಬೇಕಾ ಹೇಳು."

ತಿರುಗಿಸಿದೆ. (ನಾನೂ ಆ ಬೀದಿಯಲ್ಲಿ ಹದಿನಾಲ್ಕು ವರ್ಷ ಬಾಡಿಗೆಗಿದ್ದವಳು, ಸೌಟು ನನಗೆ ಹೊಸದಲ್ಲ.) ಹದಿನೈದು ನಿಮಿಷಕ್ಕೇ ತೋಳು ಬಿದ್ದುಹೋಯಿತು. ಕರಡು ಎರಡನ್ನೂ ಒಲೆಗೆ ಹಾಕಿದೆ. ಚೆನ್ನಾಗಿ ಉರಿಯಿತು.

೬

ಆಗ ನಾಸಿಪಾ ಬಾಯಿ ಬಿಟ್ಟಳು. ಕಚೇರಿಯಲ್ಲಿ ಕಾಗದ ತಿದ್ದುವಾಗಿನ ಅದೇ ದನಿ.

"ಅಪಾ, ಕಟ್ಟಳೆ ಏನು? ಸರಿಯಾಗಿ ಹೇಳಿ."

"ಬೆಂಕಿ ಆರಬಾರದು. ಸೌಟು ನಿಲ್ಲಬಾರದು."

"ಮತ್ತೆ?"

"ಮತ್ತೇನು? ಬಂದೋರ್ಗೆ ಇಲ್ಲ ಅನ್ನಬಾರದು."

"ಕೊಪ್ಪರಿಗೆ ಜಾಗ ಬಿಟ್ಟು ಕದಲಬಾರದು ಅಂತ ನಿಮ್ಮತ್ತೆ ಹೇಳಿದ್ರಾ?"

ಮುದುಕಿ ಸೌಟನ್ನು ಎರಡು ಸುತ್ತು ತಿರುಗಿಸಿದಳು.

"ಹೇಳಿರ್ಲಿಲ್ಲ," ಎಂದಳು. "ಅದನ್ನ ಕದಲಿಸೋ ಹುಚ್ಚರು ಆಗ ಇರ್ಲಿಲ್ಲ."

ನಾಸಿಪಾ ಮೆಲಿಸ್‌ನತ್ತ ತಿರುಗಿದಳು. ಅವನ ಬೆನ್ನ ಹಿಂದೆ ಮಣ್ಣೆತ್ತುವ ಲೋಡರ್ ನಿಂತಿತ್ತು. ಅದರ ಕಬ್ಬಿಣದ ಬಕೆಟ್ ಒಂದು ಸಣ್ಣ ಕೋಣೆಯಷ್ಟು ಅಗಲ.

"ಬಾಯ್ಕೆ," ಎಂದಳು, ಅಣ್ಣನನ್ನು ಕರೆಯುವ ಹಾಗೆ, "ಅದರೊಳಗೆ ಬೆಂಕಿ ಹಾಕಿದ್ರೆ ಏನಾಗುತ್ತೆ?"

ಮೆಲಿಸ್ ಬೀಜ ಅಗಿಯುವುದನ್ನು ನಿಲ್ಲಿಸಿದ. "ಕಬ್ಬಿಣಕ್ಕೆ ಏನಾಗುತ್ತೆ," ಎಂದ. ಬಕೆಟ್ಟನ್ನು ಬೂಟಿನಿಂದ ತಟ್ಟಿ ನೋಡಿ, "ನನ್ನ ಮೂವತ್ತು ವರ್ಷದ ಸರ್ವೀಸಲ್ಲಿ ಇಂಥದ್ದು ಯಾರೂ ಕೇಳಿಲ್ಲ."

"ಸೌಟು ತಗೋ," ಎಂದಳು ಕಾಲಿಚಾ ಅಪಾ. "ಕೊಪ್ಪರಿಗೆ ಹತ್ರ ಬಂದೋನು ತಿರುಗಿಸದೆ ಹೋಗೋ ಹಾಗಿಲ್ಲ."

ಅವನು ತಿರುಗಿಸಿದ. ನಮಗಿಂತ ಚೆನ್ನಾಗಿಯೇ.

೭

ಈ ಭಾಗವನ್ನು ಬರೆಯಲು ನನ್ನ ಗದ್ಯ ಸಾಲದು ಎಂದು ಮೊದಲೇ ಹೇಳಿಬಿಡುತ್ತೇನೆ.

ಬಕೆಟ್ಟನ್ನು ನೆಲಕ್ಕೆ ಇಳಿಸಿದರು. ಅದರೊಳಗೆ ಕೆಂಡ ಸುರಿದರು, ಕೆಂಡದ ಮೇಲೆ ಕಬ್ಬಿಣದ ಮುಕ್ಕಾಲಿ. ಡಾಂಬರಿನವರು ತಮ್ಮ ದಪ್ಪ ಕೈಗವಸು ತೊಟ್ಟು ನಾಲ್ಕು ಕಡೆಯಿಂದ ಕೊಪ್ಪರಿಗೆ ಹಿಡಿದರು. ಎತ್ತುವಾಗಲೂ, ನಡಿಗೆಯ ಆ ನಾಲ್ಕು ಹೆಜ್ಜೆಯಲ್ಲೂ, ಇಳಿಸುವಾಗಲೂ ಸೈರಾ ಜೊತೆಗೇ ಸರಿಯುತ್ತ ಸೌಟು ಆಡಿಸಿದಳು. ಆರು ಟಕ್. ಆರು ಟಕ್. ಒಂದೂ ತಪ್ಪಲಿಲ್ಲ.

ಬಕೆಟ್ ಗೇಣುದ್ದ ಮೇಲೆದ್ದಿತು. ಲೋಡರ್ ಹಿಮ್ಮುಖವಾಗಿ ಬೀದಿ ಹತ್ತತೊಡಗಿತು, ಪೀಂ ಪೀಂ ಎಂದು ರಿವರ್ಸ್ ಸದ್ದು ಮಾಡುತ್ತ. ಅದರ ಮುಂದೆ ತೇಲುತ್ತ ಬೆಂಕಿ, ಬೆಂಕಿಯ ಎರಡೂ ಬದಿಗೆ ನಡೆಯುವ ಹೆಂಗಸರು. ಬೆಂಕಿಯ ಬೆನ್ನಿಗೆ ಡಾಂಬರು ಹಾಸುವ ಯಂತ್ರ. ಅದರ ಹಿಂದೆ ಕಪ್ಪಗೆ, ಹೊಗೆಯಾಡುತ್ತ, ಈಗಷ್ಟೇ ಹುಟ್ಟಿದ ರಸ್ತೆ. ಕೊನೆಯಲ್ಲಿ ರೋಡ್ ರೋಲರ್, ಮದುವೆ ದಿಬ್ಬಣದ ಹಿಂದೆ ಉಳಿದ ದಪ್ಪ ಮಾವನ ಹಾಗೆ. (ಈ ಹೋಲಿಕೆ ಅಲ್ಲಿಗೆ ಹೊಂದುವುದಿಲ್ಲ. ಗೊತ್ತು. ನಗದೆ ಇದ್ದಿದ್ದರೆ ಅತ್ತುಬಿಡುತ್ತಿದ್ದೆ.)

ಮನೆಗಳ ದೀಪ ಒಂದೊಂದಾಗಿ ಹೊತ್ತಿದವು. ನಿದ್ದೆಗಣ್ಣಿನ ಜನ ಗೇಟಿಗೆ ಬಂದು ನಿಂತರು. ಅಷ್ಟು ವರ್ಷ ಎಲ್ಲರೂ ಇಳಿದು ಕೊಪ್ಪರಿಗೆಯ ಬಳಿಗೆ ಹೋಗಿದ್ದರು. ಅದು ತಮ್ಮ ಗೇಟಿಗೆ ಬಂದದ್ದು ಯಾರಿಗೂ ನೆನಪಿರಲಿಲ್ಲ. ಪ್ರತಿ ಗೇಟಿನ ಮುಂದೆಯೂ ಒಬ್ಬರು ಕೆಳಗಿಳಿದು, ಸೌಟು ತೆಗೆದುಕೊಂಡು, ಎರಡು ಸುತ್ತು ತಿರುಗಿಸಿ, ಮುಂದಿನವರಿಗೆ ಕೊಟ್ಟರು. ಯಾರೂ ಕೂಗಲಿಲ್ಲ, ಫೋನ್ ಎತ್ತಿ ಫೋಟೋ ಹಿಡಿಯಲಿಲ್ಲ. ಯಾಕೆಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಕಾಲಿಚಾ ಅಪಾ ಡಾಂಬರಿನವರದೇ ಒಂದು ಕೈಗವಸು ತೊಟ್ಟು, ಬಕೆಟ್ಟಿನ ಅಂಚಿಗೆ ಕೈಯಿಟ್ಟು, ಆರುನೂರು ಮೀಟರ್ ಏರನ್ನೂ ಕೋಲಿಲ್ಲದೆ ಹತ್ತಿದಳು.

"ನಮ್ಮತ್ತೆ ನೋಡ್ಬೇಕಿತ್ತು," ಎಂದಳು ಒಮ್ಮೆ. "ಬೈಯೋಳು. ಆಮೇಲೆ ಹಿಂದೇನೇ ಬರೋಳು."

೮

ಬೀದಿ ಮುಗಿಯುವುದು ನಾಸಿಪಾಳ ಮನೆಯ ಮುಂದೆ. ಲೋಡರ್ ಅಲ್ಲಿ ನಿಂತಿತು. ಅದರ ತಲೆಯ ಮೇಲಿನ ಕಿತ್ತಳೆ ದೀಪ ತಿರುಗುತ್ತಲೇ ಇತ್ತು. ಗೇಟಿನ ಮೇಲೆ, ಕಿಟಕಿಯ ಮೇಲೆ, ಬಾಗಿಲಿಲ್ಲದ ಕೊಟ್ಟಿಗೆಯ ಮೇಲೆ ಬೆಳಕು ಬಂದು ಹೋಗುತ್ತಿತ್ತು. ತಿರುಗುವ ದೀಪದ ಗಾಡಿಯೊಂದು ಆ ಗೇಟಿನವರೆಗೆ ಬಂದದ್ದು ಅದೇ ಮೊದಲು.

ನಾಸಿಪಾ ಅದನ್ನು ನೋಡುತ್ತ ನಿಂತಳು. ಸೈರಾ ಬಂದು ಸೌಟನ್ನು ಅವಳ ಕೈಗಿಟ್ಟಳು.

ನಾಸಿಪಾ ತಿರುಗಿಸಿದಳು. ಟಕ್, ಟಕ್, ಟಕ್, ಟಕ್, ಟಕ್, ಟಕ್.

ಟಕ್.

ಅವಳು ಮತ್ತೊಂದು ಸುತ್ತು ಎಣಿಸಿದಳು. ಏಳು. ಮತ್ತೆ ಏಳು. ತಲೆ ಎತ್ತಿ ಸುತ್ತ ನೋಡಿದಳು. ಬೇರೆ ಯಾರೂ ಎಣಿಸುತ್ತಿರಲಿಲ್ಲ.

೯

ಬೆಳಗ್ಗೆ ಬಟ್ಟಲು ಹಂಚಿದರು. ಈ ವರ್ಷದ್ದು ಸ್ವಲ್ಪ ಟಾರು ವಾಸನೆ ಅಂದವರಿಗೆ, ಹಾಗಾದ್ರೆ ಇನ್ನೊಂದು ಬಟ್ಟಲು ಯಾಕೆ ಚಾಚ್ತಿದೀರಿ ಎಂದಳು ಕಾಲಿಚಾ ಅಪಾ. ಆರು ಕಲ್ಲು ಆರು ಜನಕ್ಕೆ ಬಂದವು. ಒಂದು ಮೆಲಿಸ್‌ಗೆ. ಅವನು ಕಣ್ಣು ಮುಚ್ಚಿ ಬೇಡಿಕೊಂಡು, ಅಲ್ಲೇ ಹೊಸ ರಸ್ತೆಯ ಮೇಲೆ ಕೂತು ನಿದ್ದೆಹೋದ.

ನಾಸಿಪಾಳ ಚಮಚಕ್ಕೆ ಏಳನೆಯದು ತಗಲಿತು. ಹೊಳೆಯ ಕಲ್ಲಿನ ಹಾಗೆ ದುಂಡಗಿರಲಿಲ್ಲ. ಚೂಪು ಅಂಚಿನ, ಬೂದು ಬಣ್ಣದ, ರಸ್ತೆಯ ಜಲ್ಲಿ.

ಈಗ ನಿಮಗೆ ಆಯ್ಕೆ ಕೊಡಬೇಕು, ಇಂಥ ಕಥೆಗಳ ಪದ್ಧತಿ ಅದು. ಅ) ಬಕೆಟ್ಟಿನ ಮೂಲೆಯಲ್ಲಿದ್ದ ಜಲ್ಲಿ, ಗಾಡಿ ಕುಲುಕಿದಾಗ ಸಿಡಿದು ಬಿತ್ತು. ಆ) ಕಲ್ಲಿಲ್ಲದ ಮನೆಯಿದೆಯೆಂದು ಯಾರಿಂದಲೋ ತಿಳಿದು ಮೆಲಿಸ್ ತೊಳೆದು ಹಾಕಿದ. ಇ) ಅವಳ ಅಮ್ಮ... ಬರೆಯಲು ಹೋದೆ, ಕೈ ಬರಲಿಲ್ಲ.

ನಾಸಿಪಾಗೆ ಅ) ಸರಿಯೆಂದು ಚೆನ್ನಾಗಿ ಗೊತ್ತು. ಬಕೆಟ್ಟನ್ನು ತಾನೇ ಹೋಗಿ ನೋಡಿ ಬಂದಳು. ಮೂಲೆಯಲ್ಲಿ ಜಲ್ಲಿ ಇತ್ತು. ಆದರೂ ಕಲ್ಲನ್ನು ನೆಕ್ಕಿ ಒಣಗಿಸಿ, ಕೋಟಿನ ಒಳಜೇಬಿಗೆ ಹಾಕಿಕೊಂಡಳು. ಕಾಲಿಚಾ ಅಪಾ "ನಿಂಗೆ ಬಂತಾ?" ಎಂದು ಕೇಳಿದಾಗ ನಾಸಿಪಾಳ ಮುಖ ಹೇಗಿತ್ತೆಂದು ನಾನು ನೋಡಿದ್ದೇನೆ.

"ಏನು ಬೇಡಿಕೊಂಡೆ?" ಎಂದು ಆಮೇಲೆ ಕೇಳಿದೆ. "ನಾನಾದರೂ ತಿಳಿದಿರಬೇಕಲ್ಲ, ಬರೆಯುವವಳು."

ಅವಳು ಇಪ್ಪತ್ತೆರಡರ ಪ್ರಕಟಣೆಯ ಕರಡನ್ನು ನನ್ನತ್ತ ಸರಿಸಿದಳು. "ಮೇಲಿನ ಕಾಲುವೆ ಬೀದಿ, ೬೦೦ ಮೀಟರ್, ಡಾಂಬರು ಪೂರ್ಣಗೊಂಡಿದೆ. ಕಸದ ಗಾಡಿ ಇಂದು ಬರುತ್ತದೆ. ಉಳಿದ ಸೇವೆಗಳು ಎಂದಿನಂತೆ."

ಏಳು ಸಲ ಓದಿದ್ದಳು. ಎಂಟನೆಯ ಸಲ ಓದಲು ಎದ್ದು, ನಲ್ಲಿ ತಿರುಗಿಸಿ ನೋಡಿ, ಒಳಜೇಬನ್ನೊಮ್ಮೆ ಮುಟ್ಟಿ, ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿ, ನನ್ನ ಮುಂದೆ ಬಾಗಿಲು ಹಾಕಿಕೊಂಡಳು.