ಕೈಕೇಯಿಯ ಹುಬ್ಬು

ಮುಖದ ಸುಕ್ಕಿಗೆ ಆಪರೇಷನ್ ಇಲ್ಲದ ಎರಡು ದಾರಿಗಳನ್ನು ಡಾಕ್ಟರ್ ತನ್ಮಯಿ ಹೇಳಿದರು. ಒಂದು, ಹಾಸನಕ್ಕೆ ಆಗ ಹೊಸದಾಗಿದ್ದ, ಹಣೆಯ ಸ್ನಾಯು ಸಡಿಲಿಸುವ ಇಂಜೆಕ್ಷನ್. ಇನ್ನೊಂದು, ಕೆನ್ನೆಗೆ ಔಷಧಿ ಸವರಿ ಮೇಲ್ಪದರ ತೆಗೆಯುವ ಪೀಲ್.

ಭರತನಾಟ್ಯ ಕಲಿಸುವ ರಂಗನಾಯಕಿಗೆ ಐವತ್ತೆರಡು ವರ್ಷ. ಇನ್ನೆರಡು ತಿಂಗಳಿಗೆ ಹೊಳೆನರಸೀಪುರದಲ್ಲಿ ಅವರು ಕೈಕೇಯಿಯಾಗಿ ವೇದಿಕೆ ಹತ್ತಬೇಕಿತ್ತು. ಹತ್ತು ವರ್ಷದ ಮೇಲೆ ಸಿಕ್ಕಿದ ಪಾತ್ರ. "ಸ್ಟೇಜ್ ಲೈಟಿಗೆ ವಯಸ್ಸು ಎದ್ದು ಕಾಣುತ್ತೆ ಕಣೇ" ಎಂದು ಗೆಳತಿಯೊಬ್ಬಳು ಅಂದದ್ದು ಮನಸ್ಸಿಗೆ ನಾಟಿ ಬಂದಿದ್ದರು. ಎರಡನ್ನೂ ಕೇಳಿ, ಇಂಜೆಕ್ಷನ್ನೇ ಇರಲಿ ಎಂದರು.

"ಎಲ್ಲಿ ಚುಚ್ಚಬೇಕು ಅಂತ ಗುರುತು ಹಾಕ್ತೀನಿ. ಸ್ವಲ್ಪ ಹುಬ್ಬು ಗಂಟಿಕ್ಕಿ ಅಮ್ಮ," ಎಂದರು ಡಾಕ್ಟರ್.

"ಯಾರ ಹುಬ್ಬು ಬೇಕು? ಸತ್ಯಭಾಮೇದೋ, ಕೈಕೇಯೀದೋ?"

"ಯಾರದಾದ್ರೂ ಸರಿ."

ರಂಗನಾಯಕಿ ಬೆನ್ನು ನೆಟ್ಟಗೆ ಮಾಡಿ ಕೂತರು. ಮೊದಲು ಒಂದೇ ಹುಬ್ಬು ಮೇಲೇರಿತು. ಹಣೆಯ ಗೆರೆಗಳು ಒಂದರ ಹಿಂದೊಂದು ಎದ್ದು ನಿಂತವು. ದಶರಥನ ಮುಂದೆ ಎರಡು ವರ ಕೇಳಿದವಳ ಹಠ ಅಲ್ಲಿ ಬಂದು ಕೂತಿತು.

ಟ್ರೇ ಹಿಡಿದಿದ್ದ ನರ್ಸ್ ರಂಜಿನಿ ಒಂದು ಹೆಜ್ಜೆ ಹಿಂದೆ ಸರಿದಳು. "ನಾನೇನ್ ಮಾಡ್ದೆ ಅಂತ ಇಂಗ್ ನೋಡ್ತೀರ ಮೇಡಂ?"

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಇಂಜೆಕ್ಷನ್ ತಗೊಂಡ್ರೆ ಮೂರು ನಾಲ್ಕು ತಿಂಗಳು ಈ ಹುಬ್ಬು ಹೀಗೆ ಏಳಲ್ಲಮ್ಮ."

ರಂಗನಾಯಕಿ ಗೋಡೆಯ ಕನ್ನಡಿಗೆ ತಿರುಗಿದರು. ಗೆರೆಗಳು ಇನ್ನೂ ಇಳಿದಿರಲಿಲ್ಲ. ಒಂದೊಂದನ್ನೂ ನಲವತ್ತು ವರ್ಷ ಪಳಗಿಸಿದವಳು ತಾನೇ ಅಲ್ಲವೇ ಎನ್ನಿಸಿ, ಕತ್ತು ತಾನಾಗಿ ನೆಟ್ಟಗಾಯಿತು.

"ಕೆನ್ನೆಗೆ ಪೀಲ್ ಮಾಡಿ ಡಾಕ್ಟ್ರೇ," ಎಂದರು. "ಹಣೆ ತಂಟೆಗೆ ಹೋಗ್ಬೇಡಿ. ಅದರಿಂದ ನಂಗಿನ್ನೂ ಕೆಲಸ ಆಗ್ಬೇಕು."