ಅಪ್ಪನಿಗೆ ಹಿಡಿಸದ ಸ್ಕ್ರೀನ್

ಲಾರಿಗೆ ದೊಡ್ಡದೊಂದು ಟಚ್‌ಸ್ಕ್ರೀನ್ ಹಾಕಿಸೋಣ ಎಂದು ನಾನು ಬಾಯಿಬಿಟ್ಟ ದಿನದಿಂದ ನಮ್ಮಪ್ಪ ಹರಳೆಣ್ಣೆ ಕುಡಿದವರ ಹಾಗೆ ಮುಖ ಮಾಡಿಕೊಂಡಿದ್ದರು. ಮ್ಯಾಪು, ಹಾಡು, ಫೋನು ಇವುಗಳ ಬಗ್ಗೆ ಅವರದೇನೂ ತಕರಾರಿರಲಿಲ್ಲ. ಅವರ ಸಿಟ್ಟೆಲ್ಲ ಅದರ ಜೊತೆಗೆ ಬರುವ ಹಿಂಬದಿ ಕ್ಯಾಮೆರಾದ ಮೇಲೆ. ರಿವರ್ಸ್ ಗೇರ್ ಹಾಕಿದರೆ ಸಾಕು, ಲಾರಿಯ ಹಿಂದಿರುವುದೆಲ್ಲ ಸ್ಕ್ರೀನಿನಲ್ಲಿ ಕಾಣುತ್ತದೆ. ಹಾಗಾದರೆ ಹಿಂದೆ ನಿಂತು "ಬರ್ಲಿ, ಬರ್ಲಿ" ಅನ್ನುವವರು ಯಾಕೆ ಬೇಕು? ನಮ್ಮ ಲಾರಿಯಲ್ಲಿ ಹಾಗನ್ನುವವರು ನಮ್ಮಪ್ಪ, ಪುಟ್ಟಯ್ಯನವರು.

ಲಾರಿ ಅವರದೇ. ಮಂಡಿನೋವಿಗೆ ಕ್ಲಚ್ ತುಳಿಯಲಾಗದೆ ಸ್ಟೀರಿಂಗ್ ನನಗೆ ಕೊಟ್ಟು ಪಕ್ಕದ ಸೀಟಿಗೆ ಸರಿದರು. ಹೆಣ್ಣುಮಗಳು ಲಾರಿ ಓಡಿಸುವುದೇ ಎಂದು ಮೂಗು ಮುರಿದವರಿಗೆ, "ನನ್ ಮಗ್ಳು ತ್ರಿವೇಣಿ ಕಣ್ರೀ, ದಾರಿ ಬಿಡಿ" ಎಂದು ಅವರೇ ಬಾಯಿ ಮುಚ್ಚಿಸಿದರು. ಅಜ್ಜಂಪುರದ ಈರುಳ್ಳಿಯೋ ಸಿಂಗಟಗೆರೆಯ ತೆಂಗಿನಕಾಯಿಯೋ, ಎಲ್ಲಿಗೆ ಹೋದರೂ ಅವರು ಇಳಿದು ಹಿಂದೆ ನಿಂತು, ಬಾಡಿ ತಟ್ಟಿ, "ಹೋಲ್ಡಾನ್!" ಎಂದ ಮೇಲೇ ನನ್ನ ಲಾರಿ ನಿಲ್ಲುವುದು. ಆ ಕೆಲಸವೂ ಕೈತಪ್ಪಿದರೆ ತಾವು ಮನೆಯ ಜಗುಲಿ ಕಾಯಬೇಕಾಗುತ್ತದೆ ಎಂಬುದೇ ಅವರ ಭಯ.

ನನ್ನ ಭಯ ಬೇರೆ. ಹೋದ ತಿಂಗಳು ಸಿಂಗಟಗೆರೆಯಲ್ಲಿ ಕಾಯಿ ತುಂಬಲು ರಿವರ್ಸ್ ಹೋಗುತ್ತಿದ್ದಾಗ ಇದ್ದಕ್ಕಿದ್ದ ಹಾಗೆ "ಬರ್ಲಿ" ನಿಂತುಹೋಯಿತು. ಬ್ರೇಕ್ ಒತ್ತಿ, ಇಳಿದು ಓಡಿದೆ. ಅಪ್ಪ ಕಾಯಿಸಿಪ್ಪೆಯ ಮೇಲೆ ಕೂತಿದ್ದರು, ಚಕ್ರಕ್ಕೆ ಒಂದೇ ಮೊಳ ದೂರ. ಮಂಡಿ ಕೈಕೊಟ್ಟಿತ್ತು. "ಸುಮ್ನೆ ಕೂತ್ಕಂಡೆ ಕಣಮ್ಮಾ" ಎಂದು ನಕ್ಕರು. ನನಗೆ ಆವತ್ತು ಅನ್ನ ಇಳಿಯಲಿಲ್ಲ. ಕನ್ನಡಿಯಲ್ಲಿ ಅವರು ಒಂದು ಚೂರೂ ಕಾಣುವುದಿಲ್ಲವಲ್ಲ! ಅವರು ಕಾಣಬೇಕೆಂದೇ ನನಗೆ ಆ ಕ್ಯಾಮೆರಾ ಬೇಕಿತ್ತು. ಹಾಗೆಂದರೆ "ನಾನ್ ಕೈಲಾಗ್ದೋನು ಅಂತೀಯಾ?" ಎಂದು ರಂಪ ಮಾಡುತ್ತಾರೆ. ಅದಕ್ಕೇ ಹಾಡು ಕೇಳೋಕೆ ಎಂದು ಸುಳ್ಳು ಹೇಳಿದೆ.

ಮೊದಲು ಕಡೂರಿಗೆ ಹೋದೆವು. ಅಂಗಡಿಯವನು ಕಾರಿಗೆ ಹಾಕುವ ಸ್ಕ್ರೀನ್ ತಂದಿಟ್ಟ. ಅಪ್ಪ ಅದನ್ನು ತಿರುಗಿಸಿ ನೋಡಿ, "ಎಷ್ಟು ವೋಲ್ಟು?" ಅಂದರು.

"ಹನ್ನೆರಡು, ಯಜಮಾನ್ರೇ."

"ನಮ್ ಲಾರಿ ಇಪ್ಪತ್ನಾಲ್ಕು. ಹಾಕಿದ್ ತಕ್ಷಣ ಹೊಗೆ ಬತ್ತದೆ. ನಡೀ ಮಗಾ."

ಮಧ್ಯೆ ಒಂದು ಕನ್ವರ್ಟರ್ ಹಾಕಿದರೆ ಆಯಿತು ಎಂದು ಅವನು ಹೇಳುವಷ್ಟರಲ್ಲಿ ಅಪ್ಪ ಎದುರಿನ ಹೋಟೆಲಿನಲ್ಲಿ ಟೀ ಹೇಳಿಯಾಗಿತ್ತು. ಎರಡು ವಡೆಯನ್ನೂ ತಿಂದರು. ಅಷ್ಟು ಖುಷಿ!

ತರೀಕೆರೆಯ ಅಂಗಡಿಯಲ್ಲಿ ಅಶ್ವಿನಿ ಎಂಬ ಹುಡುಗಿ ಇದ್ದಳು. ಲಾರಿಗೆಂದೇ ಮಾಡಿದ ಹತ್ತಿಂಚಿನ ಸ್ಕ್ರೀನ್ ಬಿಚ್ಚಿಟ್ಟು, ಒತ್ತಿ ನೋಡಿ ಎಂದಳು. ಅಪ್ಪ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಸ್ಟೀರಿಂಗು, ಹಗ್ಗ, ಜಾಕಿ ಹಿಡಿದು ದಡ್ಡುಗಟ್ಟಿದ ಹೆಬ್ಬೆರಳು ಅದು. ಸ್ಕ್ರೀನ್ ಕ್ಯಾರೇ ಅನ್ನಲಿಲ್ಲ.

"ಕೈ ಒರೆಸ್ಕೊಂಡು ಮೆತ್ತಗೆ ಮುಟ್ಟಿ, ಅಜ್ಜ" ಅಂದಳು ಆ ಪುಣ್ಯಾತ್ಗಿತ್ತಿ.

ಮುಗಿಯಿತು ಕತೆ. "ಅಜ್ಜನಂತೆ ಅಜ್ಜ! ನನ್ ಹೆಬ್ಬೆಟ್ಟಿಗೆ ಮರ್ಯಾದೆ ಕೊಡ್ದೇ ಇರೋದು ನಮ್ ಲಾರಿಗೆ ಬ್ಯಾಡ" ಎಂದು ಹೊರಟೇಬಿಟ್ಟರು. ನನಗೆ ನಗು ತಡೆಯಲಾಗಲಿಲ್ಲ, ಜೊತೆಗೆ ಮೈಯೆಲ್ಲ ಉರಿಯಿತು. ದಾರಿಯುದ್ದಕ್ಕೂ ಹಾರ್ನ್ ಒತ್ತಿ ಒತ್ತಿ ನನ್ನ ಸಿಟ್ಟು ತೀರಿಸಿಕೊಂಡೆ.

ಮನೆಯಲ್ಲಿ ಅವ್ವ ಹನುಮಂತಮ್ಮ ರೊಟ್ಟಿ ತಟ್ಟುತ್ತಾ ಎಲ್ಲ ಕೇಳಿಸಿಕೊಂಡು, "ಅಪ್ಪ ಮಗ್ಳು ಇಬ್ರೂ ಒಂದೇ ಅಚ್ಚು ಕಣೇ. ಇದ್ದದ್ದನ್ನ ಬಾಯ್ಬಿಟ್ಟು ಹೇಳಕ್ಕೆ ಏನ್ ರೋಗ ನಿಂಗೆ?" ಎಂದು ಬೈದಳು. ನಾನು ತಟ್ಟೆಗೆ ಇನ್ನಷ್ಟು ಪಲ್ಯ ಬಡಿಸಿಕೊಂಡೆ.

ಕೊನೆಗೆ ಅಜ್ಜಂಪುರ. ಅಲ್ಲಿಯ ಸತೀಶ್ ಲಾರಿ ವೈರಿಂಗಿನಲ್ಲಿ ಪಳಗಿದವನು. ಅವನ ಸ್ಕ್ರೀನ್ ಇಪ್ಪತ್ನಾಲ್ಕು ವೋಲ್ಟಿನದು. ಬಿಸಿಲು ಬಿದ್ದರೂ ಕಣ್ಣಿಗೆ ಹೊಡೆಯುತ್ತಿರಲಿಲ್ಲ. ಅಪ್ಪನ ಹೆಬ್ಬೆರಳಿಗೂ ಬಗ್ಗಿತು! ಅಪ್ಪ ತಪ್ಪು ಹುಡುಕಿ ಹುಡುಕಿ ಸುಸ್ತಾದರು. ಡ್ಯಾಶ್‌ಬೋರ್ಡಿನ ಬುದ್ಧನ ಮೂರ್ತಿಗೆ ಜಾಗ ಸಾಲದು ಅಂದರು. ಸತೀಶ್ ಅದನ್ನೂ ಒಂದಿಷ್ಟು ಪಕ್ಕಕ್ಕೆ ಸರಿಸಿ ತೋರಿಸಿದ. ನಂಬರ್ ಪ್ಲೇಟಿನ ಮೇಲೆ ಕ್ಯಾಮೆರಾ ಕಟ್ಟಿ, "ಒಂದ್ಸಲ ರಿವರ್ಸ್ ಹೋಗಿ ನೋಡಿ ಅಕ್ಕಾ. ಯಜಮಾನ್ರೇ, ಇನ್ಮೇಲೆ ನೀವು ಇಳಿಯೋದೇ ಬ್ಯಾಡ, ಆರಾಮಾಗಿ ಸೀಟಲ್ಲೇ ಕೂತಿರ್ಬೋದು" ಅಂದ.

ಪಾಪ, ಒಳ್ಳೆಯದಕ್ಕೇ ಹೇಳಿದ. ಅಪ್ಪ ಹೆಗಲ ಮೇಲಿನ ಟವಲಿನಲ್ಲಿ ಮುಖ ಒರೆಸಿಕೊಂಡು ಇಳಿದು ಹಿಂದಕ್ಕೆ ಹೋದರು. ಅವರು ಬೈದಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ರಿವರ್ಸ್ ಗೇರ್ ಹಾಕಿದೆ. ಸ್ಕ್ರೀನ್ ಬೆಳಗಿ, ಹಿಂದಿನ ಬೇವಿನ ಮರ, ಯಾರದೋ ಸೈಕಲ್ಲು, ಎಲ್ಲ ಕಾಣಿಸಿತು. ಮರುಗಳಿಗೆ ಬರೀ ಕೆಂಪು ಚೌಕಳಿ. ಕೆಟ್ಟೇಹೋಯಿತೇ ಎಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಅಪ್ಪನ ದನಿ ಬಂತು.

"ಈಗ ಹೇಳು, ಏನ್ ಕಾಣ್ಸುತ್ತೆ? ಒಂದ್ ಟವಲ್ ಹಾಕಿದ್ರೆ ಕುರುಡಾಗೋಯ್ತಲ್ಲ ನಿನ್ ಕ್ಯಾಮ್ರಾ!"

ಬ್ರೇಕ್ ಹಾಕಿ ಧಡಾರನೆ ಬಾಗಿಲು ತೆಗೆದು ಇಳಿದೆ. ಅಪ್ಪ ತಮ್ಮ ಟವಲನ್ನು ಕ್ಯಾಮೆರಾದ ಮೇಲೆ ಒತ್ತಿ ಹಿಡಿದು, ಗೆದ್ದವರ ಹಾಗೆ ನಿಂತಿದ್ದರು.

"ತೆಗಿಯಪ್ಪ ಅದನ್ನ!" ಎಂದು ಕಿರುಚಿದೆ. ರಸ್ತೆಯಲ್ಲಿ ಹೋಗುವವರೂ ನಿಂತರು. "ನಿನ್ನ ಕೆಲ್ಸ ಬಿಡ್ಸೋಕೆ ಅಂದ್ಕೊಂಡ್ಯಾ? ನಿನ್ನ ನೋಡೋಕೇ ಹಾಕುಸ್ತಿರೋದು ಕಣಪ್ಪ! ಸಿಂಗಟಗೆರೇಲಿ ನೀನ್ ಬಿದ್ದಾಗ ನಂಗೆ ನೀನು ಕಾಣ್ಲೇ ಇಲ್ಲ. ನನ್ ಕೈಯಾರೆ ನಿನ್ನ ಮೇಲೇ ಲಾರಿ ಹತ್ಸಿದ್ರೆ? ಅವ್ವನಿಗೆ ಏನಂತ ಮುಖ ತೋರುಸ್ಲಿ?" ಕೊನೆಗೆ ಅಳುವೇ ಬಂದುಬಿಟ್ಟಿತು.

ಅಪ್ಪನ ಕೈ ಮೆಲ್ಲಗೆ ಕೆಳಗಿಳಿಯಿತು. ಟವಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು. "ಅಂದ್ರೆ ನಾನ್ ಹಿಂದೆ ನಿಲ್ಬೇಕು?" ಅಂದರು.

"ನಿಲ್ದೇ? ಸೈಕಲ್ಲಿಗೆ ಗುದ್ಲಾ?"

"ಪೂರ್ತಿ ಕಾಣ್ತೀನಾ?"

"ತಲೆಯಿಂದ ಕಾಲ್ವರೆಗೂ."

"ಮೊದ್ಲೇ ಹೇಳಕ್ಕೇನಾಗಿತ್ತು ನಿಂಗೆ? ಗಡ್ಡನಾದ್ರೂ ಹೆರೆಸ್ಕೊಂಡು ಬತ್ತಿದ್ದೆ. ಹತ್ತು, ಹತ್ತು."

ನಗುತ್ತಾ, ಮೂಗು ಒರೆಸಿಕೊಳ್ಳುತ್ತಾ ಹತ್ತಿದೆ. ರಿವರ್ಸ್ ಹಾಕಿದೆ. ಸ್ಕ್ರೀನಿನ ತುಂಬ ಅಪ್ಪ. ಇಷ್ಟು ವರ್ಷ ನನಗೆ ಅವರ ದನಿ ಮಾತ್ರ ಕೇಳುತ್ತಿತ್ತು. ಹಿಂದೆ ನಿಂತು ಅವರು ಏನು ಮಾಡುತ್ತಾರೆಂದು ಒಮ್ಮೆಯೂ ನೋಡಿರಲಿಲ್ಲ. ಈಗ ನೋಡಿದೆ. ನೋಯುವ ಮಂಡಿಯನ್ನು ಜೋಪಾನವಾಗಿ ಊರುತ್ತಾ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಿದ್ದರು. ಎರಡೂ ಕೈಗಳನ್ನು ನನ್ನ ಕಡೆಗೆ ಚಾಚಿದ್ದರು. ಈಗತಾನೇ ನಡೆಯಲು ಕಲಿಯುತ್ತಿರುವ ಮಗುವನ್ನು ಕರೆಯುವವರ ಹಾಗೆ, ಬಾಯ್ತುಂಬ ನಗುತ್ತಾ, "ಬರ್ಲಿ, ಬರ್ಲಿ, ಬರ್ಲಿ" ಅನ್ನುತ್ತಿದ್ದರು.

"ಹೆಂಗಿದೆ ಅಕ್ಕಾ, ಕ್ಲಿಯರ್ ಆಗಿ ಕಾಣ್ತಿದ್ಯಾ?" ಎಂದು ಸತೀಶ್ ಕಿಟಕಿಯ ಹತ್ತಿರ ಬಂದು ಕೇಳಿದ.

ನನ್ನ ಕಣ್ಣು ಮಂಜಾಗಿತ್ತು. ಕಾಣ್ತಿದೆ ಸತೀಶಣ್ಣ, ಇದನ್ನೇ ಹಾಕ್ಬಿಡಿ ಅಂದೆ.