ಮೊದಲು ಕುರಿ ಹಿಡಿ

ಬಾಗೂರಿನ ತಿಪ್ಪಮ್ಮನ ಬಾಯಿ ಮುಚ್ಚಿಸುವಂಥ ದೇವರು ಇನ್ನೂ ಹುಟ್ಟಿ ಬಂದಿಲ್ಲ. ಉಳಿದ ತಾಯಂದಿರು ಹೆಣ್ಣುಮಕ್ಕಳಿಗೆ ಹಾಡು, ಹಸೆ, ರಂಗೋಲಿ ಅಂತ ಏನೇನೋ ಕಲಿಸಿದರೆ ಈ ಯಮ್ಮ ಮಗಳು ನಾಗಶ್ರೀಗೆ ಕಲಿಸಿದ್ದೇ ಬೇರೆ. "ಅಳೋದಾದ್ರೆ ಉಂಡು ಅಳು, ಖಾಲಿ ಹೊಟ್ಟೇಲಿ ಅತ್ರೆ ತಲೆನೋವು ಬರ್ತೈತೆ." "ಸ್ವಾಮಿಗಳ ಕಾಲಿಗೆ ಬೀಳೋವಾಗ ನಿನ್ನ ಚಪ್ಪಲಿ ಮೇಲೊಂದು ಕಣ್ಣಿರ್ಲಿ." ಎಲ್ಲಕ್ಕಿಂತ ಹೆಚ್ಚು ಸಲ ಹೇಳಿದ್ದು, ಹೇಳುತ್ತಾ ತಲೆಗೆ ಮೊಟಕಿದ್ದು ಇದನ್ನು: "ರೊಪ್ಪದಾಗೆ ಯಾರಾದ್ರೂ ಬಿದ್ರೆ ಮೊದಲು ಕುರಿ ಹಿಡಿ. ಬಿದ್ದೋರು ಎಲ್ಲಿಗೂ ಓಡಿ ಹೋಗಲ್ಲ."

ರೊಪ್ಪ ಅಂದರೆ ಮನೆಯ ಪಕ್ಕದಲ್ಲೇ ಮುಳ್ಳುಬೇಲಿ ಕಟ್ಟಿದ ಕುರಿದೊಡ್ಡಿ. ನಾಗಶ್ರೀ ನಡೆಯಲು ಕಲಿತದ್ದೂ ಅದರೊಳಗೇ, ಬೈಗುಳ ಕಲಿತದ್ದೂ ಅದರೊಳಗೇ.

ಇಂಥ ತಾಯಿಯ ಮುಂದೆ ಈಗ ಅವಳು ತನ್ನ ಹುಡುಗನನ್ನು ತಂದು ನಿಲ್ಲಿಸಬೇಕಿತ್ತು. ಹೊಸದುರ್ಗದ ಬಸ್ ಸ್ಟ್ಯಾಂಡ್ ಹತ್ತಿರ ಬ್ಲೌಸ್ ಹೊಲಿಯುವ ಅಂಗಡಿ ಅವಳದು. ಹುಡುಗ ಹನುಮೇಶ್ ಹೊಳಲ್ಕೆರೆಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನೆ. ಫೋನಿನ ಒಡೆದ ಗ್ಲಾಸ್ ಹಾಕಿಸಲು ಹೋಗಿ ಪರಿಚಯವಾಯಿತು. ಆಮೇಲೆ ಆ ಫೋನ್ ಎಷ್ಟು ಸಲ ಕೆಟ್ಟಿತೋ, ಪಾಪ! ಹನುಮೇಶನನ್ನು ಬಿಟ್ಟು ಇನ್ನೊಬ್ಬನನ್ನು ಕಟ್ಟಿಕೊಳ್ಳುವ ಮನಸ್ಸು ಅವಳಿಗಿರಲಿಲ್ಲ. ಅವ್ವನ ಮಾತು ಮೀರಿ ಅವನನ್ನು ಕಟ್ಟಿಕೊಳ್ಳುವ ಮನಸ್ಸೂ ಇರಲಿಲ್ಲ. ಅಪ್ಪ ಓಬಳಪ್ಪನ ಚಿಂತೆಯಿಲ್ಲ, ಬಾಗಿಲು ಕಿರುಗುಟ್ಟಿದರೂ ಹೂಂ ಅನ್ನುವ ಮನುಷ್ಯ ಅವನು. ಅವ್ವ ಹಾಗಲ್ಲ. ಹಿಂದೆ ಬಂದಿದ್ದ ಒಬ್ಬ ಗಂಡನ್ನು, ಅವರಮ್ಮನ ಮುಖ ನೋಡಿ ನೋಡಿ ಉಸಿರಾಡುತ್ತಾನೆ ಅಂತ ವಾಪಸ್ ಕಳಿಸಿದ್ದಳು. ಇನ್ನೊಬ್ಬನನ್ನು, ಟಗರು ಒಳಗೆ ಬಂದಾಗ ಕುರ್ಚಿಯ ಮೇಲೆ ಕಾಲೆತ್ತಿಕೊಂಡು ಕೂತ ಅಂತ.

ಹನುಮೇಶನಿಗೋ, ಕುರಿ ಗೊತ್ತಿದ್ದದ್ದು ತಟ್ಟೆಯಲ್ಲಿ ಮಾತ್ರ.

ಭಾನುವಾರ ಅವನು ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ ಹಾಕಿಕೊಂಡು ಸೋದರಮಾವ ರಂಗಯ್ಯನ ಜೊತೆ ಬಂದ. "ಬರ್ರಿ, ಕುಂತ್ಕಳ್ರಿ," ಅಂತ ತಿಪ್ಪಮ್ಮ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಟ್ಟಳು. ರಂಗಯ್ಯ ಎರಡನೆಯ ಬಜ್ಜಿಗೆ ಕೈ ಹಾಕುವಷ್ಟರಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು.

"ಇವತ್ತು ಕುರಿಗೆ ಜಂತುಹುಳದ ಔಷಧಿ ಹಾಕಬೇಕು. ಬಾರಪ್ಪ, ಒಂದು ಕೈ ಹಿಡಿ."

"ಅವ್ವಾ, ಇವತ್ತೇ?" ಅಂದಳು ನಾಗಶ್ರೀ.

"ಹುಳಕ್ಕೇನು ನಿನ್ನ ಮುಹೂರ್ತ ಗೊತ್ತೈತಾ?"

ಕೆಲಸ ಹೇಳುವುದಕ್ಕೆ ಸುಲಭ. ಒಬ್ಬರು ಕುರಿಯ ಕುತ್ತಿಗೆಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ದವಡೆ ಎತ್ತಿ ಹಿಡಿಯಬೇಕು. ಇನ್ನೊಬ್ಬರು ಗೊಟ್ಟದಿಂದ, ಅಂದರೆ ಓರೆಯಾಗಿ ಕತ್ತರಿಸಿದ ಬಿದಿರಿನ ಕೊಳವೆಯಿಂದ, ಔಷಧಿಯನ್ನು ಗಂಟಲಿಗೆ ಇಳಿಸಬೇಕು. ತಿಪ್ಪಮ್ಮ ಬೇಕಂತಲೇ ಮಂದೆಯಲ್ಲೇ ಮಹಾ ಹಟಮಾರಿಯಾದ ಕರಿಕಿವಿ ಅನ್ನುವ ಹೆಣ್ಣುಕುರಿಯನ್ನು ತೋರಿಸಿದಳು. ಹನುಮೇಶ್ ಅದನ್ನು ಗ್ಲಾಸ್ ಒಡೆದ ಫೋನ್ ಹಿಡಿದ ಹಾಗೆ ನಾಜೂಕಾಗಿ ಹಿಡಿದ. ಕರಿಕಿವಿಗೆ ಯಾಕೆ ಬೇಕು ನಾಜೂಕು? ಅವನನ್ನು ಬೆನ್ನ ಮೇಲೆ ಹೊತ್ತುಕೊಂಡೇ ಓಡಿತು. ಮದುವೆಗೆ ಮೊದಲೇ ಮೆರವಣಿಗೆ ಆಯಿತು. ಆಮೇಲೆ ಅವನು ಒಂದು ಕಡೆ, ಚಪ್ಪಲಿ ಒಂದು ಕಡೆ, ನೀಲಿ ಅಂಗಿ ಪೂರ್ತಿ ಹಿಕ್ಕೆಯಲ್ಲಿ.

ತಮಾಷೆ ನೋಡಲು ಬಂದಿದ್ದ ರಂಗಯ್ಯ ಪುಣ್ಯಾತ್ಮ ರೊಪ್ಪದ ಬಾಗಿಲು ತೆರೆದೇ ನಿಂತಿದ್ದ. ಆಚೆ ಪಕ್ಕದವರ ಹೊಲದಲ್ಲಿ ಹೆಸರು ಪೈರು ಆಗತಾನೇ ಚಿಗುರಿತ್ತು. ಕರಿಕಿವಿ ಅತ್ತ ನುಗ್ಗಿತು.

ಬಿದ್ದವನನ್ನು ನೋಡಿ ನಾಗಶ್ರೀಯ ಕರುಳು ಚುರ್ ಅಂದಿತು. ಆದರೆ ಅವಳ ಕಾಲು ಅವಳ ಮಾತು ಕೇಳಲಿಲ್ಲ. ರೊಪ್ಪದ ಮೂಲೆಯಲ್ಲಿ ನಿಂತಿದ್ದವಳು ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿದಳು, ಅಡ್ಡ ಬಿದ್ದಿದ್ದ ಹನುಮೇಶನನ್ನು ದಾಟಿದಳು, ಬಾಗಿಲ ಹತ್ತಿರ ಕರಿಕಿವಿಯ ಹಿಂಗಾಲು ಹಿಡಿದಳು. ಎಳೆದು ತಂದು ಮೊಣಕಾಲ ನಡುವೆ ಸಿಕ್ಕಿಸಿ ದವಡೆ ಎತ್ತಿದಳು. "ಹಾಕವ್ವ!" ಅಂದಳು. ತಿಪ್ಪಮ್ಮ ಗೊಟ್ಟ ಹಾಕಿದಳು.

"ಅಲ್ಲಮ್ಮಾ, ಮದುವೆ ಆಗೋ ಗಂಡನ್ನೇ ದಾಟಿಬಿಟ್ಟೆಯಲ್ಲ!" ರಂಗಯ್ಯ ಬಾಯಿ ಬಡಿದುಕೊಂಡ.

ನಾಗಶ್ರೀಗೆ ತಾನು ಮಾಡಿದ್ದು ಆಗ ಅರಿವಾಯಿತು. ಹನುಮೇಶ್ ಹಿಕ್ಕೆಯಲ್ಲಿ ಕೂತೇ ಕೆನ್ನೆ ಒರೆಸಿಕೊಂಡ. "ಅಡ್ಡ ಮಲಗಿದ್ದೋನು ನಾನು, ಮಾವ. ದಾಟದೆ ಸುತ್ತಿ ಬಳಸಿ ಹೋಗ್ತಾರಾ?" ಅಂದ. ಆಮೇಲೆ ತಿಪ್ಪಮ್ಮನ ಕಡೆ ತಿರುಗಿ, "ಇನ್ನೊಂದು ಕುರಿ ಕೊಡ್ರಿ ಅತ್ತೆ. ಎಲ್ಲಿ ಹಿಡೀಬೇಕು ಅಂತ ಈಗ ಗೊತ್ತಾಯ್ತು," ಅಂದ.

"ಅತ್ತೆ ಅನ್ನೋಕೆ ಇನ್ನೂ ಹೊತ್ತೈತೆ. ಮೊದ್ಲು ಹೋಗಿ ಮುಖ ತೊಳ್ಕಾ."

ಅವ್ವನ ಹಿಂದೆ ಅಡುಗೆಮನೆಗೆ ಬಂದ ನಾಗಶ್ರೀ ಗೋಡೆಗೊರಗಿ ಅಳತೊಡಗಿದಳು. "ಎಲ್ಲಾ ನಾನೇ ಹಾಳು ಮಾಡಿದೆ. ಅವನು ಬ್ಯಾಡ ಅಂತ ಬಾಯಿಬಿಟ್ಟು ಹೇಳಿಬಿಡು, ಆಗೋಗ್ಲಿ."

ತಿಪ್ಪಮ್ಮ ಬಜ್ಜಿಯ ತಟ್ಟೆ ಮುಂದೆ ತಳ್ಳಿದಳು. "ತಿಂದು ಅಳು."

"ಅವ್ವಾ!"

"ಹುಡುಗನ್ನ ನೋಡಾಕೆ ಕುರಿ ಯಾಕ್ಲೇ ಬೇಕು? ಬಂದ ತಕ್ಷಣ ಗೊತ್ತಾಯ್ತು. ನೀರು ಬೇಕಾದಾಗ ಯಾರನ್ನೂ ಕೂಗ್ಲಿಲ್ಲ, ತಾನೇ ಎದ್ದು ಬಗ್ಗಿಸ್ಕಂಡ. ನಾನು ನೋಡಿದ್ದು ನಿನ್ನ. ಅವನು ಬಿದ್ದಾಗ ನೀನು ಕುರಿ ಬಿಟ್ಟು ಅವನ್ನ ಎತ್ತಾಕೆ ಹೋಗಿದ್ರೆ, ನನ್ನಾಣೆಗೂ ಬ್ಯಾಡ ಅಂತಿದ್ದೆ."

"ಯಾಕೆ?"

ತಿಪ್ಪಮ್ಮ ಒಲೆಯ ಮೇಲಿನ ಬಾಣಲೆ ಇಳಿಸಿ ಕೂತಳು. "ಮದುವೆ ಹೊಸದ್ರಾಗೆ ನಿಮ್ಮಪ್ಪನೂ ಇದೇ ರೊಪ್ಪದಾಗೆ ಬಿದ್ದಿದ್ದ. ಅಯ್ಯೋ ಅಂತ ಓಡಿಹೋಗಿ ಎತ್ತಿದೆ. ಕುರಿ ಅವತ್ತೇ ಹೋಯ್ತು. ಅವನ್ನ ಇವತ್ತಿಗೂ ಎತ್ತುತಾನೇ ಇದೀನಿ."

ಹೇಳಿ ತಾನೇ ನಕ್ಕಳು. ನಾಗಶ್ರೀಗೆ ನಗು ಬರಲಿಲ್ಲ. ಚಿಕ್ಕಂದಿನಿಂದ ಮೊಟಕಿಸಿಕೊಂಡು ಕಲಿತ ಆ ಮಾತು ಕುರಿಯ ವಿಷಯ ಅಂತಲೇ ತಿಳಿದಿದ್ದಳಲ್ಲ, ದಡ್ಡಿ! ಅವ್ವನ ಬಿರುಕು ಬಿಟ್ಟ ಹಿಮ್ಮಡಿ ನೋಡಿ ಅವಳಿಗೆ ಈಗ ನಿಜವಾಗಿ ಅಳು ಬಂತು, ಹನುಮೇಶನಿಗಾಗಿ ಅಲ್ಲ.

"ಲೇ ತಿಪ್ಪೀ, ನನ್ನ ಚಪ್ಪಲಿ ಎಲ್ಲಿ ಅವೆ?" ಹೊರಗಿನಿಂದ ಓಬಳಪ್ಪ ಕೂಗಿದ. ಚಪ್ಪಲಿ ಯಾವಾಗಲೂ ಇರುವ ಹಾಗೆ ಜಗುಲಿಯ ಕೆಳಗೇ ಇದ್ದವು.

ತಿಪ್ಪಮ್ಮ ಆಗಲೇ ಮಂಡಿಯ ಮೇಲೆ ಕೈ ಊರಿದ್ದಳು. ಇನ್ನೇನು ಏಳಬೇಕು, ನಾಗಶ್ರೀ ಸೆರಗು ಹಿಡಿದು ಎಳೆದಳು.

"ಕುಂತ್ಕಾ. ಎಲ್ಲಿಗೂ ಓಡಿ ಹೋಗಿರಲ್ಲ."

"ತಿಪ್ಪೀ!" ಈ ಸಲ ಇನ್ನೂ ಜೋರಾಗಿ.

ತಿಪ್ಪಮ್ಮ ಬಾಗಿಲ ಕಡೆ ನೋಡಿದಳು, ಮಗಳನ್ನು ನೋಡಿದಳು, ಕೂತಲ್ಲೇ ಕೂತಳು. ಹೊರಗೆ ಸ್ವಲ್ಪ ಹೊತ್ತು ಗೊಣಗಾಟ, ಏನೋ ಬಿದ್ದ ಸದ್ದು. ಕೊನೆಗೆ ಓಬಳಪ್ಪನ ದನಿ: "ಇಲ್ಲೇ ಅವೆ ಬಿಡು."

ತಿಪ್ಪಮ್ಮ ಮಗಳ ತಟ್ಟೆಯಿಂದ ಒಂದು ಬಜ್ಜಿ ತೆಗೆದು ಕಚ್ಚಿದಳು.

"ಆ ಹುಡುಗನಿಗೆ ಹೋಗಿ ಹೇಳು, ಇನ್ಮೇಲೆ ಅತ್ತೆ ಅನ್ಲಿ," ಅಂದಳು. "ನಾನು ಒಂದೀಟು ಇಲ್ಲೇ ಕುಂತಿರ್ತೀನಿ."